ರಾಕ್ಷಸರ ಸಂಬಳದ ಬಿಲ್ಲು

ಲಂಕೆಯಲ್ಲಿ ಸಂಬಳ ಯಾವ ತಾರೀಖಿಗೆ ಆಗುತ್ತಿತ್ತೆಂದು ನಾನು ಓದಿದ ಯಾವ ರಾಮಾಯಣವೂ ಹೇಳುವುದಿಲ್ಲ. ಕುಂಭಕರ್ಣನ ಆರು ತಿಂಗಳ ನಿದ್ದೆಯನ್ನು ಗಳಿಕೆ ರಜೆಗೆ ಹಾಕಿದರೋ ಅರ್ಧವೇತನ ರಜೆಗೋ, ಅದೂ ತಿಳಿಯದು. ನಮ್ಮ ಕವಿಗಳಿಗೆ ಖಳರ ಮೇಲೆ ಕರುಣೆಯೇನೂ ಕಡಿಮೆಯಿರಲಿಲ್ಲ. ರನ್ನ ದುರ್ಯೋಧನನಿಗಾಗಿ ಮರುಗಿದ, ನಾಗಚಂದ್ರ ರಾವಣನಿಗಾಗಿ. ಆದರೆ ಖಳನ ಮನೆಯ ದಿನಸಿ ಚೀಟಿಯನ್ನು ಅವರೂ ಬಿಡಿಸಿ ನೋಡಲಿಲ್ಲ. ಸಂಬಳದ ಬಿಲ್ಲು ಬರೆಯುತ್ತಲೇ ತಲೆ ನರೆಸಿಕೊಂಡ ನನ್ನಂಥ ಗುಮಾಸ್ತನಿಗೆ ಕಾವ್ಯ ಓದುವಾಗಲೂ ಇಂಥ ಸಂಶಯಗಳೇ ಬರುತ್ತವೆ. ಅವಕ್ಕೆ ಸಮಾಧಾನ ಸಿಕ್ಕಿದ್ದು ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಎಂಬ ಊರಿನಲ್ಲಿ ತಯಾರಾದ ಒಂದು ಕಂಪ್ಯೂಟರ್ ಆಟದಲ್ಲಿ.

‘ಡಂಜನ್ ಕೀಪರ್’ ಎಂದು ಅದರ ಹೆಸರು. ಪೀಟರ್ ಮಾಲಿನ್ಯೂ ಮುಂದಾಳತ್ವದಲ್ಲಿ ಬುಲ್‌ಫ್ರಾಗ್ ಕಂಪನಿ 1997ರಲ್ಲಿ ಹೊರತಂದದ್ದು. ಅಲ್ಲಿಯವರೆಗಿನ ಆಟಗಳಲ್ಲಿ ನಾವು ಕತ್ತಿ ಹಿಡಿದು ಪಾತಾಳಕ್ಕಿಳಿದು, ರಾಕ್ಷಸರನ್ನು ಕೊಚ್ಚಿ, ನಿಧಿ ಹೊತ್ತು ಬರುತ್ತಿದ್ದೆವು. ಇಲ್ಲಿ ಪಾತಾಳವೇ ನಮ್ಮದು. ಕತ್ತಿ ಹಿಡಿದು ಬರುವ ವೀರರೇ ಕಳ್ಳರು. ಮೇಲಿನ ಊರುಗಳಿಗೋ ಎಂಥ ಹೆಸರುಗಳು! ಎವರ್‌ಸ್ಮೈಲ್, ಕೋಜಿಟನ್, ಟುಲಿಪ್‌ಸೆಂಟ್. ಸದಾ ನಗುವ, ಬೆಚ್ಚಗೆ ಮಲಗುವ, ಹೂವಿನ ವಾಸನೆ ಬೀರುವ ಈ ಊರುಗಳನ್ನು ಒಂದೊಂದಾಗಿ ಹಾಳುಗೆಡವುವುದೇ ನಮ್ಮ ಉದ್ಯೋಗ. ಹೆಸರು ಕೇಳಿದರೇ ಹಾಳುಮಾಡೋಣ ಅನ್ನಿಸುತ್ತದೆ, ಸುಳ್ಳೇಕೆ ಹೇಳಲಿ.

ಆದರೆ ಹಾಳುಮಾಡುವುದಕ್ಕೆ ಪುರುಸೊತ್ತು ಎಲ್ಲಿ? ಮೊದಲು ಮಣ್ಣು ಅಗೆಸಬೇಕು. ಖಜಾನೆ ಕಟ್ಟಬೇಕು. ಪಾತಾಳದ ಬಾಗಿಲಿನಿಂದ ಒಂದು ದೆವ್ವ ಹಲ್ಲು ಮಸೆಯುತ್ತ ಒಳಗೆ ಬರುತ್ತದೆ. ಬಂದದ್ದೇ ಮಲಗಲು ಜಾಗ ಹುಡುಕುತ್ತದೆ. ಜಾಗ ಸಿಕ್ಕಿತೋ, ಊಟ ಎಲ್ಲಿ ಅನ್ನುತ್ತದೆ. ಕೋಳಿ ಸಾಕಣೆಯ ಕೋಣೆ ಕಟ್ಟಿದರೆ ಅಲ್ಲಿ ಮರಿಯೊಡೆದು ಓಡಾಡುವ ಕೋಳಿಗಳನ್ನು ಹಿಡಿಹಿಡಿದು ನುಂಗುತ್ತದೆ. ಬೈಲ್ ಡೀಮನ್ ಎಂಬ ಕೆಂಪು ಗುಡಾಣದಂಥ ಪ್ರಾಣಿಯೊಂದಿದೆ, ಅದು ಬರುವುದೇ ಕೋಳಿಕೋಣೆ ದೊಡ್ಡದಾಗಿದ್ದರೆ. ವಾರ್ಲಾಕ್ ಎಂಬ ಮಂತ್ರವಾದಿಗೆ ಗ್ರಂಥಾಲಯ ಬೇಕು. ಟ್ರೋಲ್‌ಗೆ ಕಮ್ಮಟ. ಡಾರ್ಕ್ ಮಿಸ್ಟ್ರೆಸ್ ಎಂಬಾಕೆಗೆ ಚಿತ್ರಹಿಂಸೆಯ ಕೋಣೆ; ಶತ್ರುಗಳಿಗಲ್ಲ, ಸ್ವಂತ ಮನರಂಜನೆಗೆ. ಇದರ ಮೇಲೆ ಸಿಬ್ಬಂದಿಯ ಒಳಜಗಳ: ನೊಣಕ್ಕೂ ಜೇಡಕ್ಕೂ ಆಗುವುದಿಲ್ಲ, ಹತ್ತಿರ ಹತ್ತಿರ ಮಲಗಿಸಿದರೆ ರಣರಂಗ. ಪೆಟ್ಟಿಗೆಯ ಮೇಲೆ ಚಿತ್ರ ಹಾಕಿಸಿಕೊಂಡ ಕೊಂಬಿನ ಹಾರ್ನ್ಡ್ ರೀಪರ್ ಇದ್ದಾನಲ್ಲ, ಎಲ್ಲರಿಗಿಂತ ಬಲಶಾಲಿ, ಅವನಿಗೆ ಸ್ವಲ್ಪ ಬೇಸರವಾದರೂ ಸಾಕು, ಸಹೋದ್ಯೋಗಿಗಳನ್ನೇ ಕತ್ತರಿಸಲು ಶುರು. ಅಂಥವರನ್ನು ಬೇಕೆಂದಾಗಲೆಲ್ಲ ವರ್ಗ ಮಾಡಿಸುವ ಸೌಕರ್ಯವೂ ಈ ಪಾತಾಳದಲ್ಲಿಲ್ಲ.

ಇನ್ನು ಸಂಬಳದ ದಿನ. ನನ್ನ ಮಟ್ಟಿಗೆ ಇಡೀ ಆಟದ ಮುಕುಟಮಣಿ ಇದೇ. ಗಡಿಯಾರ ಸುತ್ತಿ ಆ ಗಳಿಗೆ ಬಂತೆಂದರೆ ತರಬೇತಿಯಲ್ಲಿದ್ದವರು, ಓದುತ್ತಿದ್ದವರು, ಗೊರಕೆ ಹೊಡೆಯುತ್ತಿದ್ದವರು ಎಲ್ಲರೂ ಎದ್ದು ಖಜಾನೆಯತ್ತ ನಡೆಯುತ್ತಾರೆ. ಬಾಗಿಲಲ್ಲಿ ಶತ್ರು ನಿಂತಿದ್ದಾನೆಯೇ, ನಿಂತಿರಲಿ. ಖಜಾನೆ ಬರಿದಾಗಿದ್ದರೆ ಮುಖ ಕೆಂಪಾಗುತ್ತದೆ. ಹೀಗೇ ನಡೆದರೆ ಬಿಟ್ಟುಹೋಗುತ್ತಾರೆ. ತರಬೇತಿ ಕೊಟ್ಟು ಬಡ್ತಿ ಏರಿಸಿದಷ್ಟೂ ಸಂಬಳವೂ ಏರುತ್ತದೆ ಎಂಬ ಸತ್ಯವನ್ನು ಯಾವ ಆಡಳಿತ ತರಬೇತಿಯೂ ನನಗೆ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ. ಈ ಮೆರವಣಿಗೆಯಲ್ಲಿ ಕಾಣದವರೆಂದರೆ ಇಂಪ್‌ಗಳು. ಮಣ್ಣು ಅಗೆಯುವವು, ಚಿನ್ನ ಹೊರುವವು, ಗೋಡೆ ಕಟ್ಟುವವು, ಹೆಣ ಎಳೆಯುವವು ಎಲ್ಲ ಅವೇ. ಅವಕ್ಕೆ ಸಂಬಳವಿಲ್ಲ, ಊಟವಿಲ್ಲ, ಹಾಸಿಗೆಯಿಲ್ಲ. ನಮ್ಮ ಕೈ ಪರದೆಯ ಮೇಲೆ ದೊಡ್ಡದಾಗಿ ತೇಲುತ್ತಿರುತ್ತದೆ. ಒಂದು ಏಟು ಕೊಟ್ಟರೆ ಇನ್ನಷ್ಟು ಚುರುಕಾಗಿ ಓಡುತ್ತವೆ. ಆಟದಲ್ಲಿ ಚಿತ್ರಹಿಂಸೆಯ ಕೋಣೆ ಎಷ್ಟೇ ಭೀಕರವಾಗಿರಲಿ, ನನಗೆ ನಿಜವಾದ ಪಾಪ ಕಂಡದ್ದು ಈ ಏಟಿನಲ್ಲಿ. ಹಾಗೆಂದು ಹೊಡೆಯುವುದನ್ನು ಬಿಟ್ಟೆನೆಂದಲ್ಲ.

“ಏನ್ರೀ, ಆ ಪಿಶಾಚಿಗಳಿಗೆ ಊಟ ಆಯ್ತಾ? ಹಾಗಾದ್ರೆ ನೀವೂ ಬನ್ನಿ,” ಎಂದು ಮನೆಯವಳು ಅಡುಗೆಮನೆಯಿಂದ ಕರೆಯುತ್ತಾಳೆ. ಅವಳಿಗೆ ಆಟ ಗೊತ್ತಿಲ್ಲ, ಆದರೆ ಅದರ ಸಾರ ಗೊತ್ತು.

ಎರಡನೆಯ ಭಾಗ 1999ರಲ್ಲಿ ಬಂತು. ಅದರಲ್ಲಿ ಜೂಜಿನ ಕೋಣೆಯೊಂದು ಸೇರಿತು. ರಾಕ್ಷಸರು ಖಜಾನೆಯಿಂದ ಸಂಬಳ ಎಣಿಸಿಕೊಂಡು ನೇರ ಅಲ್ಲಿಗೆ ಹೋಗಿ ಕಳೆಯುತ್ತಾರೆ. ಕಳೆದದ್ದು ಮತ್ತೆ ನಮ್ಮ ಖಜಾನೆಗೇ. ಕೂಲಿ ಬಟವಾಡೆ ಮಾಡಿ ಪಕ್ಕದಲ್ಲೇ ಸ್ವಂತ ಸಾರಾಯಿ ಅಂಗಡಿ ಇಟ್ಟ ತೋಟದ ಸಾಹುಕಾರನ ಉಪಾಯವೇ ಇದು. ಅದೇ ಆಟದಲ್ಲಿ ಒಂದು ದಯೆಯೂ ಇದೆ. ರಾತ್ರಿ ಬಹಳ ಹೊತ್ತಾದರೂ ಆಡುತ್ತಿದ್ದರೆ ನಮಗೆ ಸಲಹೆ ಕೊಡುವ ಒಂದು ಗಂಭೀರ ದನಿ, ಹೋಗಿ ಮಲಗು ಎಂದು ಗದರುತ್ತದೆ. ದನಿ ರಿಚರ್ಡ್ ರೈಡಿಂಗ್ಸ್ ಎಂಬ ನಟರದ್ದು. ಪೆಪ್ಪಾ ಪಿಗ್ ಕಾರ್ಟೂನ್ ನೋಡುವ ಮೊಮ್ಮಕ್ಕಳಿರುವವರಿಗೆ ಅವರು ಬೇರೆ ರೀತಿಯಲ್ಲಿ ಪರಿಚಿತರು: ಅದರಲ್ಲಿ ಅಪ್ಪ ಹಂದಿಯಾಗಿ ಮಾತಾಡುವವರು ಇವರೇ. ಪಾತಾಳವನ್ನೂ ಅಪ್ಪನ ಪಾತ್ರವನ್ನೂ ಒಂದೇ ಗಂಟಲು ಹೀಗೆ ನಿಭಾಯಿಸುವುದರಲ್ಲಿ ನನಗೆ ಅಸಹಜವೇನೂ ಕಾಣುವುದಿಲ್ಲ.

ಮೂರನೆಯದು ಬರಲೇ ಇಲ್ಲ. ಕೆಲಸ ಅರ್ಧಕ್ಕೆ ನಿಂತಿತು, ಬುಲ್‌ಫ್ರಾಗ್ ಕೂಡ 2001ರಲ್ಲಿ ಮುಚ್ಚಿತು. ಆಮೇಲೆ ಡಂಜನ್ ಕೀಪರ್ ಹೆಸರು ಹೊತ್ತು ಬಂದದ್ದು 2014ರ ಫೋನ್ ಆಟ. ಹಳೆಯ ಆಟದಲ್ಲಿ ಇಂಪ್ ಕೆಲವೇ ಕ್ಷಣಗಳಲ್ಲಿ ಒಡೆಯುತ್ತಿದ್ದ ಕಲ್ಲಿಗೆ ಇಲ್ಲಿ ಗಂಟೆಗಟ್ಟಲೆ ಬೇಕಿತ್ತು, ಕೆಲವು ಕಲ್ಲಿಗಂತೂ 24 ಗಂಟೆ. ಕಾಯಲಾರದವರು ನಿಜವಾದ ದುಡ್ಡು ಕೊಟ್ಟು ರತ್ನ ಕೊಳ್ಳಬೇಕಿತ್ತು. ಇದನ್ನು ಉಚಿತ ಎಂದು ಜಾಹೀರಾತು ಕೊಟ್ಟದ್ದು ದಾರಿತಪ್ಪಿಸುವಂಥದ್ದು ಎಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದೇ ವರ್ಷ ಹೇಳಿತು. ಹಿಂದಿನ ಆಟದಲ್ಲಿ ದುಷ್ಟ ಯಜಮಾನ ನಾನಾಗಿದ್ದೆ. ಇಲ್ಲಿ ಏಟು ತಿಂದು ಓಡುವ ಇಂಪ್ ಆಟಗಾರನೇ.

ಹಳೆಯದಕ್ಕೆ ನಿಜವಾದ ವಾರಸುದಾರ ಅಭಿಮಾನಿಗಳಿಂದಲೇ ಬಂತು. ಸಾರ್ವಜನಿಕರಿಂದ ಕಿಕ್‌ಸ್ಟಾರ್ಟರ್ ಮೂಲಕ ಚಂದಾ ಎತ್ತಿ 2015ರಲ್ಲಿ ಹೊರಬಂದ ‘ವಾರ್ ಫಾರ್ ದಿ ಓವರ್‌ವರ್ಲ್ಡ್’ ಅದು. ರೈಡಿಂಗ್ಸ್ ಅವರನ್ನೇ ಹುಡುಕಿ ಮತ್ತೆ ಮಾತಾಡಿಸಿದ್ದಾರೆ. ಒಪ್ಪವಾಗಿದೆ, ಭಕ್ತಿಯೂ ಇದೆ. ಆದರೆ ಯುದ್ಧದ ಲೆಕ್ಕಾಚಾರಕ್ಕೆ ತೂಕ ಹೆಚ್ಚಾಗಿ, ಸಿಬ್ಬಂದಿಯ ಸಣ್ಣತನಗಳು ಹಿಂದೆ ಸರಿದಿವೆ. ನನಗೆ ಆ ಸಣ್ಣತನಗಳೇ ಬೇಕು.

ಜರ್ಮನಿಯ ಮ್ಯೂನಿಕ್‌ನ ರಿಯಲ್ಮ್‌ಫೋರ್ಜ್‌ನವರು 2011ರಲ್ಲಿ ‘ಡಂಜನ್ಸ್’ ಎಂಬುದನ್ನು ತಂದರು. ಅದರ ಯೋಚನೆ ಇನ್ನೂ ಕುಟಿಲ. ಬಂದ ವೀರನನ್ನು ತಕ್ಷಣ ಕೊಲ್ಲಬಾರದು. ಅವನಿಗೆ ಓದಲು ಪುಸ್ತಕ, ಎತ್ತಲು ನಿಧಿ, ಗೆಲ್ಲಲು ಒಂದೆರಡು ಸಣ್ಣ ಜಗಳ ಒದಗಿಸಿ ಖುಷಿಯಲ್ಲಿಡಬೇಕು. ಖುಷಿ ತುಂಬಿದ ಮೇಲೆ ಹಿಡಿದು ಆತ್ಮಶಕ್ತಿ ಹಿಂಡಬೇಕು. ಬಲಿಗೆ ಮುಂಚೆ ಇಂಥ ಭರ್ಜರಿ ಅತಿಥಿಸತ್ಕಾರ ನೋಡಿದರೆ ಬಕಾಸುರ ಬಂಡಿ ಅನ್ನ, ಅದನ್ನು ತಂದವನು, ಇಷ್ಟಕ್ಕೇ ತೃಪ್ತನಾಗಿದ್ದ ಸರಳ ಜೀವಿ ಅನ್ನಿಸುತ್ತದೆ. ಆಮೇಲಿನ ಭಾಗಗಳಲ್ಲಿ ಇವರು ಈ ಸತ್ಕಾರ ಬಿಟ್ಟು, ಸೈನ್ಯವನ್ನು ನೆಲದ ಮೇಲಕ್ಕೆ ಕರೆದೊಯ್ದು ಕಾದಾಡಿಸಿದರು. ಅಲ್ಲಿ ನಿರೂಪಕ ಎಲ್ಲರನ್ನೂ ಗೇಲಿ ಮಾಡುತ್ತಾನೆ. ನಗು ಬರುತ್ತದೆ, ನಾಲ್ಕನೇ ಭಾಗದ ಹೊತ್ತಿಗೆ ಸ್ವಲ್ಪ ಸುಮ್ಮನಿರಪ್ಪ ಅನ್ನಿಸುತ್ತದೆ.

ಬುಲ್‌ಫ್ರಾಗ್‌ನಲ್ಲಿ ಹದಿಹರೆಯದಲ್ಲೇ ಕೆಲಸಕ್ಕೆ ಸೇರಿ ‘ಥೀಮ್ ಪಾರ್ಕ್’ ಮಾಡಿದ ಹುಡುಗನೊಬ್ಬನಿದ್ದ. ಮುಂದೆ ಅವನ ಸ್ವಂತ ಕಂಪನಿ ಎಲಿಕ್ಸಿರ್ 2004ರಲ್ಲಿ ‘ಈವಿಲ್ ಜೀನಿಯಸ್’ ಹೊರತಂದಿತು. ಪಾತಾಳದ ಬದಲು ದ್ವೀಪ, ರಾಕ್ಷಸರ ಬದಲು ಹಳದಿ ಉಡುಪಿನ ಆಳುಗಳು, ವೀರರ ಬದಲು ಜೇಮ್ಸ್ ಬಾಂಡ್ ತರದ ಗೂಢಚಾರರು. ಲೋಕ ಗೆಲ್ಲುವ ಪ್ರಚಂಡ ಖಳನಿಗೆ ಇಲ್ಲಿ ಬಿಡುವಿಲ್ಲದ ಚಿಂತೆ: ಆಳುಗಳಿಗೆ ಮಂಚ ಸಾಲುತ್ತಿದೆಯೇ, ಊಟದ ಹಾಲ್ ಸಾಕೇ, ಹೆಣಗಳಿಗೆ ಫ್ರೀಜರಿನಲ್ಲಿ ಜಾಗವಿದೆಯೇ, ಪ್ರವಾಸಿಗರನ್ನು ಹೋಟೆಲಿನಲ್ಲೇ ಮರುಳುಮಾಡಿ ಹಿಡಿದಿಟ್ಟುಕೊಳ್ಳುವುದು ಹೇಗೆ. ಶಿಸ್ತು ಕುಸಿದರೆ ಒಬ್ಬ ಆಳನ್ನು ಎಲ್ಲರೆದುರು ಗುಂಡಿಕ್ಕಿದರಾಯಿತು, ಉಳಿದವರ ನಿಷ್ಠೆ ಏರುತ್ತದೆ. ಕಾರಣ ಕೇಳಿ ನೋಟಿಸು, ಇಲಾಖಾ ವಿಚಾರಣೆ ಯಾವುದೂ ಇಲ್ಲ. ಆ ಹುಡುಗ ಡೆಮಿಸ್ ಹಸಾಬಿಸ್. ಮುಂದೆ ಡೀಪ್‌ಮೈಂಡ್ ಎಂಬ ಕೃತಕ ಬುದ್ಧಿಮತ್ತೆಯ ಕಂಪನಿ ಕಟ್ಟಿ, ಪ್ರೋಟೀನುಗಳ ರಚನೆ ಊಹಿಸಿದ್ದಕ್ಕೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಎಲ್ಲರೂ ಪ್ರೋಟೀನುಗಳ ವಿಷಯ ಮಾತಾಡುತ್ತಿದ್ದಾಗ ನನಗೆ ನೆನಪಾದದ್ದು ಆ ಫ್ರೀಜರು.

ಜಪಾನಿನ ಅಕ್ವೈರ್ ಕಂಪನಿಯ ಆಟವೊಂದು ಇವೆಲ್ಲಕ್ಕಿಂತ ಬೇರೆ. ಅಲ್ಲಿ ನಮ್ಮ ಕೈಯಲ್ಲಿರುವುದು ಗುದ್ದಲಿ ಮಾತ್ರ. ಸತ್ವವಿರುವ ಮಣ್ಣು ಅಗೆದರೆ ಲೋಳೆಜೀವಿ ಹುಟ್ಟುತ್ತದೆ, ಅದನ್ನು ಹುಳು ತಿನ್ನುತ್ತದೆ, ಹುಳುವನ್ನು ಹಲ್ಲಿಮನುಷ್ಯ ತಿನ್ನುತ್ತಾನೆ. ಸಂಬಳವೂ ಇಲ್ಲ, ಮೇಲಧಿಕಾರಿಯೂ ಇಲ್ಲ, ಬರೀ ಕೃಷಿ. ವೀರರು ಬಂದು ನಮ್ಮ ರಾಕ್ಷಸರಾಜನನ್ನೇ ಹಗ್ಗದಲ್ಲಿ ಕಟ್ಟಿ ದರದರ ಎಳೆದೊಯ್ಯುತ್ತಾರೆ. ನೋಡಲು ಬಲು ಚೆಂದ, ಆದರೆ ಕಚೇರಿ ವಾಸನೆ ಇಲ್ಲದ ಕಡೆ ನಾನು ಹೆಚ್ಚು ಹೊತ್ತು ನಿಲ್ಲಲಾರೆ.

ಸೋದರಳಿಯನಿಗೆ ನನ್ನ ದೌರ್ಬಲ್ಯ ಗೊತ್ತು. “ಮಾವ, ನಿಮ್ಮದೇ ಡಿಪಾರ್ಟ್‌ಮೆಂಟಿನ ಆಟ ಒಂದಿದೆ,” ಎಂದು ‘ಲೆಜೆಂಡ್ ಆಫ್ ಕೀಪರ್ಸ್’ ಹಾಕಿಕೊಟ್ಟ. ಅದರಲ್ಲಿ ಪಾತಾಳವೇ ಒಂದು ಕಂಪನಿ, ನಾವು ಅದರ ಮ್ಯಾನೇಜರು. ಹೋರಾಡಿ ಹೋರಾಡಿ ರಾಕ್ಷಸರ ಹುಮ್ಮಸ್ಸು ಇಳಿಯುತ್ತದೆ. ಪೂರ್ತಿ ಇಳಿದರೆ ಕೆಲಸಕ್ಕೆ ಬರುವುದಿಲ್ಲ, ಮನಶ್ಶಾಸ್ತ್ರಜ್ಞರ ಹತ್ತಿರ ಕಳಿಸಬೇಕು. ಸೇವಾ ಸೌಲಭ್ಯ ನೋಡಿದರೆ ಇದಕ್ಕೇ ಮೊದಲ ಸ್ಥಾನ. ಆದರೂ ಅರ್ಜಿ ಹಾಕುವುದಾದರೆ ನಾನು ಹಾಕುವುದು 1997ರ ಪಾತಾಳಕ್ಕೇ, ಬೈಲ್ ಡೀಮನ್ ಹುದ್ದೆಗೆ. ದೇಹಪ್ರಕೃತಿ ಹೊಂದುತ್ತದೆ, ಸಂಬಳದ ದಿನ ನಿಶ್ಚಿತ.

“ಪೆನ್ಷನ್ ಇದೆಯೇನ್ರೀ ಅಲ್ಲಿ?” ಎಂದಳು ಮನೆಯವಳು, ಇದನ್ನು ಓದಿ ಹೇಳಿದಾಗ.

ಇಲ್ಲ. ಸತ್ತವರನ್ನು ಇಂಪ್‌ಗಳು ಸ್ಮಶಾನದ ಕೋಣೆಗೆ ಎಳೆದು ಹಾಕುತ್ತವೆ, ಅಲ್ಲಿ ಕೊಳೆಯುತ್ತಾರೆ. ಹೀಗೆ ಹಲವರು ಕೊಳೆತ ಮೇಲೆ ಒಂದು ರಕ್ತಪಿಶಾಚಿ ಏಳುತ್ತದೆ, ಅದು ಮತ್ತೆ ಡ್ಯೂಟಿಗೆ ಹಾಜರು. ಅಷ್ಟೊಂದು ಹುದ್ದೆ ರದ್ದುಮಾಡಿ ಒಂದನ್ನು ಸೃಷ್ಟಿಸಿದ ಆ ಆದೇಶದ ಕರಡು ಯಾರು ಬರೆದರೋ, ಪಕ್ಕಾ ನಮ್ಮ ಸೆಕ್ಷನ್ನಿನವರೇ.