ಸಿಸ್ಟರ್‌ಗೆ ಮಕ್ಕಳಿಂದ ಮಾರ್ಕು ಹಾಕಿಸುವ ಕ್ರಮ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಆಸ್ಪತ್ರೆಗಳಲ್ಲಿ ಸೂಜಿ ಚುಚ್ಚುವ ಹೊತ್ತಿಗೆ ಸಿಸ್ಟರ್ ಮನಸ್ಸಿನಲ್ಲಿ ಮಗುವಿಗೆ ಎಷ್ಟು ಜಾಗವಿತ್ತು ಎಂಬುದನ್ನು ಅದರ ಬಾಯಿಂದಲೇ ತಿಳಿಯಬಯಸುವವರಿಗಾಗಿ ಈ ಕೈಪಿಡಿ. ಬೋರ್ಡಿನ ಮೇಲೆ ಶುಶ್ರೂಷಾಧಿಕಾರಿ ಎಂದು ಬರೆದಿದ್ದರೂ ವಾರ್ಡಿನಲ್ಲಿ ಎಲ್ಲರಿಗೂ ಅವರು ಸಿಸ್ಟರೇ. ನಾವೂ ಹಾಗೇ ಕರೆಯೋಣ.

ಬೇಕಾಗುವ ಸಾಮಾನು: ಒಂದು ಮಗು, ಒಬ್ಬ ಸಿಸ್ಟರ್, ಒಂದು ಸೂಜಿ. ತಾಯಿ ಹೇಗೂ ಬಂದಿರುತ್ತಾಳೆ. ಅಜ್ಜಿಯನ್ನು ಮಾತ್ರ ಹೊರಗಿನ ಬೆಂಚಿನ ಮೇಲೆ ಕೂರಿಸಿ. ಒಳಗೆ ಬಿಟ್ಟರೆ ಮೊಮ್ಮಗನ ಉತ್ತರವನ್ನು ಅವರೇ ಹೇಳುತ್ತಾರೆ, ಅದೂ ಬೈಗುಳದ ಸಮೇತ.

ಇನ್ನು ಅಳತೆಗೋಲು ಆರಿಸಿ. ಎಲ್ಲಕ್ಕಿಂತ ಸಲೀಸಾದದ್ದು ಅಮೆರಿಕದ ಜೆಫರ್ಸನ್ ಮಾಪಕ. 20 ಪ್ರಶ್ನೆ, ಪ್ರಶ್ನೆಗೆ 7ರವರೆಗೆ ಅಂಕ, ಒಟ್ಟು 140. ಫಾರಂ ತುಂಬುವವರು ಸಿಸ್ಟರೇ. ತನ್ನ ಕರುಣೆಗೆ ತಾನೇ ಮಾರ್ಕು ಹಾಕಿಕೊಳ್ಳುವ ಪರೀಕ್ಷೆಯಲ್ಲಿ ಫೇಲಾಗುವುದಕ್ಕೆ ವಿಶೇಷ ಪ್ರಾಮಾಣಿಕತೆ ಬೇಕು. ಸ್ಕಾಟ್ಲೆಂಡಿನ ಸ್ಟೂವರ್ಟ್ ಮರ್ಸರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ‘ಕೇರ್’ ಮಾಪಕ ಇದಕ್ಕಿಂತ ವಾಸಿ, ಅದು ರೋಗಿಯನ್ನು ಕೇಳುತ್ತದೆ. ಮುಂದೆ ಅದನ್ನೇ ಚಿಕ್ಕ ಮಕ್ಕಳಿಗಾಗಿ ಐದು ಪ್ರಶ್ನೆಗೆ ಇಳಿಸಿ ಚಿತ್ರ ಹಾಕಿದರು. ನಮ್ಮಲ್ಲೂ 2021ರಲ್ಲಿ ಸರ್ಕಾರಿ ಆಸ್ಪತ್ರೆಗಳನ್ನು ಮಕ್ಕಳಸ್ನೇಹಿ ಮಾಡಲೆಂದು ಕೇಂದ್ರದ ‘ಮುಸ್ಕಾನ್’ ಬಂತು. ಆದರೆ ಅಭಿಪ್ರಾಯದ ಹಾಳೆ ಎಲ್ಲಿ ಹೋದರೂ ತಾಯಿಯ ಕೈಗೇ ಸೇರುತ್ತದೆ. ಸೂಜಿ ಚುಚ್ಚಿಸಿಕೊಂಡವನು ಪಕ್ಕದಲ್ಲೇ ಬಿಸ್ಕತ್ತು ತಿನ್ನುತ್ತಿರುತ್ತಾನೆ.

ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರಗಳ ಪಟ್ಟಿಯನ್ನು ನೀವು ಆಸ್ಪತ್ರೆ ಗೋಡೆಗಳ ಮೇಲೆ ನೋಡಿರಬಹುದು. ಡೋನಾ ವಾಂಗ್ ಎಂಬ ನರ್ಸ್ ಮತ್ತು ಕಾನಿ ಬೇಕರ್ 1980ರ ದಶಕದ ಆರಂಭದಲ್ಲಿ ಒಕ್ಲಹೋಮಾದಲ್ಲಿ ಮಕ್ಕಳ ಕೈಯಲ್ಲೇ ಮುಖ ಬರೆಸಿ ರೂಪಿಸಿದ್ದು ಅದು. ಮಕ್ಕಳನ್ನೇ ಕೇಳಿದ್ದಕ್ಕೆ ಅವರಿಗೆ ನಮಸ್ಕಾರ. ಅದು ಅಳೆಯುವುದು ನೋವನ್ನು ಮಾತ್ರ. ನೋವು ಕೊಟ್ಟವರ ಬಗ್ಗೆ ಮಗುವಿನ ತೀರ್ಪು ಬೇರೆ ಕಡತ. ತುಂಬಾ ನೋಯಿಸಿದ ಸಿಸ್ಟರನ್ನೇ ಮಗು ಮೆಚ್ಚಿರುವುದುಂಟು. ಮಾತು ಬಾರದ ಕೂಸುಗಳು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಅಳೆಯುವ ಮುನ್ನ ತಕ್ಕಡಿ ನೋಡಿ. ಹೊಳಲ್ಕೆರೆಯಲ್ಲಿ ಅಡಿಕೆ ತೂಗುವವರು ಖಾಲಿ ತಟ್ಟೆ ಯಾವ ಕಡೆ ವಾಲಿದೆ ಎಂದು ಮೊದಲು ಕಣ್ಣು ಹಾಯಿಸುತ್ತಾರೆ. ಇಲ್ಲಿ ತಟ್ಟೆ ಮನೆಯಲ್ಲೇ ವಾಲಿರುತ್ತದೆ. “ಉಣ್ಣದಿದ್ರೆ ಸಿಸ್ಟರ್ ಹತ್ರ ಕರ್ಕೊಂಡೋಗಿ ಸೂಜಿ ಹಾಕಿಸ್ತೀನಿ ನೋಡು” ಎಂದು ವರ್ಷಗಟ್ಟಲೆ ಹೆದರಿಸಿ ಬೆಳೆಸಿದ ಮಗು ಆಸ್ಪತ್ರೆಗೆ ಬಂದಾಗ ಸಿಸ್ಟರ್ ಖಾತೆಯಲ್ಲಿ ಆಗಲೇ ಹತ್ತು ಮಾರ್ಕು ಸಾಲ. ಅಷ್ಟನ್ನು ಮೊದಲು ಮನ್ನಾ ಮಾಡಿ.

ನಂತರ ಸಿಸ್ಟರ್ ಆಡುವ ಮಾತು ಬರೆದುಕೊಳ್ಳಿ. “ಏನೂ ಆಗಲ್ಲ ಕಣಪ್ಪಾ, ಇರುವೆ ಕಚ್ಚಿದಂಗಾಗುತ್ತೆ ಅಷ್ಟೇ” ಎಂಬುದು ನಾಲ್ಕೂ ತಾಲ್ಲೂಕಿನಲ್ಲಿ ಚಲಾವಣೆಯಲ್ಲಿರುವ ಮಾತು. ಬಯಲುಸೀಮೆಯ ಮಗುವಿಗೆ ಇರುವೆ ಕಚ್ಚಿದರೆ ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತು, ಆದ್ದರಿಂದ ಸುಳ್ಳು ಆ ಕ್ಷಣವೇ ಸಿಕ್ಕಿಬೀಳುತ್ತದೆ. ಲಸಿಕೆ ಹಾಕುವಾಗಿನ ನೋವನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸೂಚನೆಯೂ ಸುಳ್ಳು ಸಮಾಧಾನ ಬೇಡವೆನ್ನುತ್ತದೆ. ಮಗುವನ್ನು ಮಲಗಿಸಿ ಒತ್ತಿ ಹಿಡಿಯದೆ ಎತ್ತಿ ಕೂರಿಸಿಕೊಳ್ಳಿ, ಹಲವು ಸೂಜಿಗಳಿದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕಿ ಎನ್ನುತ್ತದೆ. ಇದರ ಜತೆಗೆ ಒಂದು ಸ್ಥಳೀಯ ಸೂಚನೆ: ಓಬವ್ವನ ಊರಿನವಳು ಅಳಬಾರದು ಎನ್ನಬೇಡಿ. ಓಬವ್ವನ ಒನಕೆ ಅವಳ ಕೈಯಲ್ಲೇ ಇತ್ತು.

ಈಗ ಮುಖ್ಯ ಪ್ರಯೋಗ. ಇದಕ್ಕೆ ನಾಯಿ ಕಚ್ಚಿದ ಮಗು ಶ್ರೇಷ್ಠ. ಜ್ವರದ ಮಗು ಒಮ್ಮೆ ಚುಚ್ಚಿಸಿಕೊಂಡು ಹೋದರೆ ಮತ್ತೆ ಸಿಗುವುದಿಲ್ಲ. ನಾಯಿ ಕಚ್ಚಿಸಿಕೊಂಡವನು ಸೊನ್ನೆಯ ದಿನ, 3ನೆಯ ದಿನ, 7ನೆಯ ದಿನ, 28ನೆಯ ದಿನ, ಹೀಗೆ ನಾಲ್ಕು ಸಲ ಬರಲೇಬೇಕು. ಬಂದಾಗಲೆಲ್ಲ ಎರಡು ಕಡೆ ಚರ್ಮದ ಪದರದೊಳಗೆ ತಲಾ 0.1 ಮಿಲಿಲೀಟರು ಲಸಿಕೆ. ಗಾಯ ಆಳವಾಗಿದ್ದರೆ ಮೊದಲ ದಿನ ಗಾಯದೊಳಗೇ ಇನ್ನೊಂದು ಮದ್ದು, ಅದರ ಉರಿ ದೊಡ್ಡವರೂ ತಡೆಯಲಾರದ್ದು. ಸೊನ್ನೆಯ ದಿನ ಏನನ್ನೂ ಕೇಳಬೇಡಿ. ಅವತ್ತು ಅವನ ತಲೆ ತುಂಬ ನಾಯಿ.

3ನೆಯ ದಿನ ಹಾಳೆ, ಪೆನ್ನು ಎರಡನ್ನೂ ಜೇಬಿಗೆ ಹಾಕಿ ಗೇಟಿನ ಬಳಿ ನಿಲ್ಲಿ. ಗೇಟಿನಲ್ಲೇ ಕಾಲು ಊರಿ ನಿಂತರೆ ಒಂದು ಅಂಕ. ಚೀಟಿ ಮಾಡಿಸುವ ಕಿಟಕಿಯವರೆಗೆ ನಡೆದು ಆಮೇಲೆ ಅಪ್ಪನ ಪ್ಯಾಂಟಿಗೆ ಜೋತುಬಿದ್ದರೆ ಎರಡು. ಇಂಜೆಕ್ಷನ್ ರೂಮಿನ ಬಾಗಿಲಲ್ಲಿ ಕತ್ತು ಚಾಚಿ, ಒಳಗೆ ಯಾವ ಸಿಸ್ಟರ್ ಇದ್ದಾರೆಂದು ನೋಡಿ, ಆಮೇಲೆ ಅಳಲು ಶುರುಮಾಡಿದರೆ ಎಚ್ಚರಗೊಳ್ಳಿ: ಅವನು ಅತ್ತಿದ್ದು ಸೂಜಿಗಾಗಿ ಅಲ್ಲ. ನೂರು ಪ್ರಶ್ನೆಯ ಫಾರಂ ಹೇಳಲಾರದ್ದು ಆ ಇಣುಕಿನಲ್ಲಿದೆ. 7ನೆಯ ದಿನ “ಮೊನ್ನೆ ಇದ್ದ ಸಿಸ್ಟ್ರು ಎಲ್ಲಿ?” ಎಂದು ಅವನಾಗಿಯೇ ಕೇಳಿದರೆ ಪೂರ್ತಿ ಅಂಕ ಕೊಟ್ಟುಬಿಡಿ. ಆ ಸಿಸ್ಟರ್ ಅಂದು ನೈಟ್ ಡ್ಯೂಟಿಯಲ್ಲಿರುತ್ತಾರೆ, ಅಂಕ ಕೊಟ್ಟ ಸಂಗತಿ ಅವರಿಗೆ ತಿಳಿಯುವುದೂ ಇಲ್ಲ.

ಡ್ರಿಪ್ ಹಾಕುವ ಮಕ್ಕಳಲ್ಲಿ ಲೆಕ್ಕ ತೊಡಕು. ಪುಟ್ಟ ಕೈಗೆ ಹಳದಿ ಕ್ಯಾನುಲಾ ಹಿಡಿದು ಸಿಸ್ಟರ್ “ನರ ಸಿಗ್ತಿಲ್ಲ” ಎಂದರೆ ಮಗು ತನ್ನ ಕೈಯದೇ ತಪ್ಪೆಂದು ತಿಳಿಯುತ್ತದೆ. “ನನಗೆ ಸಿಗ್ತಿಲ್ಲ ಪುಟ್ಟಾ, ಇನ್ನೊಬ್ಬರನ್ನ ಕರೀತೀನಿ” ಎಂದವರಿಗೆ, ಎರಡು ಸಲ ಚುಚ್ಚಿದ್ದರೂ, ಹೆಚ್ಚಿನ ಅಂಕ ಕೊಡಿ. ಹೊಸದುರ್ಗದಲ್ಲಿ ಒಂದು ಚುಚ್ಚು, ದುರ್ಗಕ್ಕೆ ಕಳಿಸಿದ ಮೇಲೆ ಇನ್ನೊಂದು, ಅಲ್ಲಿಂದ ದಾವಣಗೆರೆಗೆ ಹೋದರೆ ಮತ್ತೊಂದು. ದಾರಿಯುದ್ದದ ನೋವೆಲ್ಲ ಕೊನೆಯ ಸಿಸ್ಟರ್ ತಲೆಗೆ ಬೀಳುತ್ತದೆ. ಇದನ್ನು ಮೂರು ಪಾಲು ಮಾಡುವ ಸೂತ್ರವನ್ನು ಈ ಕೈಪಿಡಿ ಕೊಡುವುದಿಲ್ಲ, ಅಂಕ ಹಾಕುವವರು ಸ್ವಲ್ಪ ನಾಚಿಕೆ ಇಟ್ಟುಕೊಂಡರೆ ಸಾಕು.

ಫಾರಂ ಕೊನೆಯಲ್ಲಿ ಒಂದು ಕಾಲಂ ಕಡ್ಡಾಯ, ಅದನ್ನು ಮಗುವೂ ತುಂಬಬೇಕಿಲ್ಲ, ಸಿಸ್ಟರೂ ತುಂಬಬೇಕಿಲ್ಲ: ಆ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ರೋಗಿಗಳು? ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು, ಉಳಿದೆಡೆ ಐವರಿಗೆ ಒಬ್ಬರು. ಮಗುವಿನ ಕಣ್ಣು ನೋಡಿ ಎರಡು ಮಾತಾಡಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಡ್ಯೂಟಿ ಚಾರ್ಟು ಬರೆಯುವವರ ಕೈಯಲ್ಲಿದೆ. ಈ ಕಾಲಂ ಖಾಲಿ ಬಿಟ್ಟ ಫಾರಂಗಳನ್ನು ಸಹಿ ಹಾಕದೆ ಮೇಲಿನ ಕಚೇರಿಗೆ ವಾಪಸು ಕಳಿಸತಕ್ಕದ್ದು.