ಕೋ-ಪೇ ಭಟ್ರು

ಮಸ್ಕತ್ತಿನ ಅಲ್ ಮವಾಲೇಹ್‌ನ ಕನ್ನಡಿಗರಲ್ಲಿ ಯಾರ ಅಮ್ಮನಿಗೆ ಶುಗರ್ ಎಷ್ಟು, ಯಾರ ಅಪ್ಪನಿಗೆ ಸ್ಟೆಂಟ್ ಎರಡೋ ಮೂರೋ ಎಂಬುದು ಅವರವರ ಮಕ್ಕಳಿಗಿಂತ ಚೆನ್ನಾಗಿ ಗೊತ್ತಿರುವುದು ಕೋ-ಪೇ ಭಟ್ರಿಗೆ. ಅವರು ಡಾಕ್ಟರಲ್ಲ, ವಿಮೆ ಏಜೆಂಟರೂ ಅಲ್ಲ. ಯಾವುದೋ ಕಂಪನಿಯಲ್ಲಿ ಲೆಕ್ಕ ಬರೆಯುವವರು. ಕಮಿಷನ್ ಅಂತ ಒಂದು ಬೈಸಾ ಕಂಡವರಲ್ಲ. ಅಪಾಯ ಇರುವುದೇ ಅಲ್ಲಿ. ಏಜೆಂಟನಾದರೆ ಸಹಿ ಹಾಕಿಸಿಕೊಂಡು ಎದ್ದು ಹೋಗುತ್ತಾನೆ. ಭಟ್ರು ಏಳುವುದಿಲ್ಲ.

ಮೊದಲು ಶುಕ್ರವಾರ ಬೆಳಿಗ್ಗೆ ಇಲ್ಲಿನ ತರಕಾರಿ ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದರು. 2024ರಲ್ಲಿ ಮಾರ್ಕೆಟ್ ಖಜಾಯಿನ್‌ಗೆ ಹೋಯಿತು, ಭಟ್ರು ಹೋಗಲಿಲ್ಲ. ಈಗ ಸಿಟಿ ಸೆಂಟರಿನ ಬಿಲ್ಲಿನ ಸಾಲಲ್ಲಿ ಹಿಂದಿನಿಂದ ದನಿ ಬರುತ್ತದೆ: "ಅಮ್ಮನಿಗೆ ಎಪ್ಪತ್ತಾಯ್ತಲ್ಲ ಮಾರಾಯ್ರೆ, ಎಂತ ಮಾಡಿದ್ರಿ?"

"ಕಂಪನಿ ಕಾರ್ಡ್ ಉಂಟಲ್ಲ" ಎಂದಿರೋ, ಕೆಟ್ಟಿರಿ. ಆ ಕಾರ್ಡ್ ನಿಮಗೆ, ಹೆಂಡತಿ ಮಕ್ಕಳಿಗೆ, ಕುಂದಾಪುರದ ಅಮ್ಮನಿಗಲ್ಲ. ಮಣಿಪಾಲದ ಆರೋಗ್ಯ ಕಾರ್ಡ್? "ಅದು ರಿಯಾಯಿತಿ, ವಿಮೆ ಅಲ್ಲ." ಐದು ಲಕ್ಷದ ಪಾಲಿಸಿ? "ರೂಮ್ ರೆಂಟ್ ನೋಡಿದ್ರಾ?" ಬಾಡಿಗೆಗೆ ಮಿತಿ ದಿನಕ್ಕೆ ಒಂದು ಪರ್ಸೆಂಟ್ ಎಂದಿದ್ದರೆ ಐದು ಸಾವಿರ. ಹತ್ತು ಸಾವಿರದ ರೂಮಿನಲ್ಲಿ ಮಲಗಿದರೆ ಬಾಡಿಗೆಯೊಂದೇ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಖರ್ಚನ್ನೂ ಅರ್ಧಕ್ಕೆ ಕತ್ತರಿಸಬಹುದು. ಇದನ್ನು ಭಟ್ರು ಹೇಳಿ ಮುಗಿಸುವಷ್ಟರಲ್ಲಿ ನಿಮ್ಮ ಟ್ರಾಲಿಯ ಐಸ್‌ಕ್ರೀಂ ಪಾಯಸವಾಗಿರುತ್ತದೆ. ಹೇಳಿದ್ದು ಸರಿಯೇ ಇರುತ್ತದೆ ಎಂಬುದು ಇನ್ನೂ ಕಷ್ಟ.

ವೈಯಕ್ತಿಕ ಪಾಲಿಸಿಗಳ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಯಿತು. ಅದಕ್ಕೆ ಮೊದಲೇ ಅವಸರದಲ್ಲಿ ಪ್ರೀಮಿಯಂ ಕಟ್ಟಿದವರೊಬ್ಬರನ್ನು ಕಂಡಾಗಲೆಲ್ಲ ಭಟ್ರು ಸೂತಕದ ಮನೆಗೆ ಬಂದವರ ಹಾಗೆ ಮಾತಿಲ್ಲದೆ ಕೈ ಹಿಡಿದುಕೊಳ್ಳುತ್ತಾರೆ.

ಅಮೆರಿಕದಲ್ಲಿರುವ ಅಕ್ಕನಿಗೆ 65 ತುಂಬಿದಾಗ ಭಟ್ರ ಸಂಭ್ರಮ ನೋಡಬೇಕಿತ್ತು. ಅಲ್ಲಿನ ಸರಕಾರಿ ವಿಮೆ ಮೆಡಿಕೇರ್ ಕೊಡದೆ ಉಳಿಸಿದ್ದಕ್ಕೆ ಮೆಡಿಗ್ಯಾಪ್, ಮಾತ್ರೆಗೆ ಪಾರ್ಟ್ ಡಿ. ಮೆಡಿಗ್ಯಾಪ್‌ಗೆ ಎ, ಬಿ, ಜಿ, ಎನ್ ಎಂದು ಅಕ್ಷರದ ಹೆಸರು. ನಡುವಿನ ಇ, ಎಚ್ ಎಲ್ಲಿ ಹೋದವೆಂದು ನಿದ್ದೆಗೆಟ್ಟು ಹುಡುಕಿ, ಅವುಗಳ ಮಾರಾಟ 2010ರಲ್ಲೇ ನಿಂತಿತೆಂದು ಪತ್ತೆಹಚ್ಚಿದ ಮೇಲೇ ಮಲಗಿದರು. ಪಾರ್ಟ್ ಡಿ ಬದಲಾಯಿಸಲು ವರ್ಷವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಅವಕಾಶ. ಅಕ್ಕನ ಮಾತ್ರೆಗಳ ಹೆಸರು ಭಾವನಿಗೆ ಗೊತ್ತಿಲ್ಲ, ಮವಾಲೇಹ್‌ನ ತಮ್ಮನಿಗೆ ಬಾಯಿಪಾಠ. ನಮ್ಮ ಪಾಲಿಸಿಗಳಲ್ಲಿ ದಿನನಿತ್ಯದ ಮಾತ್ರೆಗೆ ದುಡ್ಡು ಹುಟ್ಟುವುದು ಅಪರೂಪ. ಅಲ್ಲಿ ಭಟ್ರೂ ಸೋತು "ಜನೌಷಧಿಗೆ ಹೋಗಿ" ಎನ್ನುತ್ತಾರೆ.

ಅವರ ವಿದ್ಯೆ ಕೈಕೊಟ್ಟದ್ದು ಸ್ವಂತ ಅಮ್ಮನ ಹತ್ತಿರ. 65 ದಾಟಿದವರಿಗೂ ಪಾಲಿಸಿ ಇರಬೇಕು, ಹಳೆ ಕಾಯಿಲೆಗೆ ಕಾಯಿಸುವುದು ಮೂರು ವರ್ಷ ಮೀರಬಾರದು ಎಂದು 2024ರಲ್ಲಿ ಭಾರತದ ವಿಮಾ ಪ್ರಾಧಿಕಾರ ಹೇಳಿದ್ದೇ ತಡ, ಅರ್ಜಿ ಹಾಕಿದರು. ಕಂಪನಿಯ ಡಾಕ್ಟರ್ ಅಮ್ಮನಿಗೆ ಫೋನ್ ಮಾಡಿದರು. ಭಟ್ರು ಇತ್ತ ಲೈನಿನಲ್ಲಿ.

"ಬಿಪಿ ಉಂಟಾ ಅಮ್ಮ?"

"ಇಲ್ಲ."

"ಅಮ್ಮ, ಹನ್ನೆರಡು ವರ್ಷದಿಂದ ಉಂಟಲ್ಲ!"

"ಮಾತ್ರೆ ತಗೊಂಡ್ರೆ ಮತ್ತೆ ಎಲ್ಲಿಂದ ಬರ್ತದೆ?"

ಮುಚ್ಚಿಟ್ಟರೆ ಕ್ಲೇಮ್ ಹೋಗುತ್ತದೆ ಎಂದು ಭಟ್ರು ಗೋಗರೆದರು. ಸರಿ, ಅಮ್ಮ ಬಾಯಿಬಿಟ್ಟರು. ಬಾಣಂತನದ ಸೊಂಟನೋವು, ಜಾರಿಬಿದ್ದ ಮಂಡಿ, ತಮ್ಮ ಅತ್ತೆಗಿದ್ದ ದಮ್ಮು, ಕೊನೆಗೆ ಪಕ್ಕದ ಮನೆಯವರ ಪಿತ್ತಕೋಶದ ಕಲ್ಲು. ಡಾಕ್ಟರ್ ಎಲ್ಲವನ್ನೂ ಬರೆದುಕೊಂಡರು. ಪ್ರೀಮಿಯಂ ಏರಿ ಬಂತು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಮ್ಮವರು ಪಾಲಿಸಿ ಮಾಡಿಸುವುದು ಊರಿನ ಭಾವಮೈದುನನ ಹತ್ತಿರ. ಮೊನ್ನೆ ಒಬ್ಬರು ಅಳುಕುತ್ತಲೇ ಅದನ್ನು ಹೇಳಿದರು. ಭಟ್ರು ಬೈಯಲಿಲ್ಲ. ಪಾಲಿಸಿ ಕೈಗೆ ಬಂದ ತಾರೀಖು ಕೇಳಿ ಬೆರಳು ಮಡಚಿದರು.

"ಫ್ರೀ ಲುಕ್ ಮೂವತ್ತು ದಿನ. ಹಿಂದೆ ಕೊಡ್ಲಿಕ್ಕೆ ಇನ್ನೂ ಹನ್ನೊಂದು ದಿನ ಉಂಟು. ಶುಕ್ರವಾರ ಮನೆಗೆ ಬನ್ನಿ, ಊಟಕ್ಕೇ ಬನ್ನಿ."