ರೀಲು ಮೀಮಾಂಸೆ: ತಿಂಥಣಿ ಸೇತುವೆಯ ಮೇಲೊಂದು ಪಾಂಡಿತ್ಯಪೂರ್ಣ ವಿಚಾರಣೆ

ಒಂದು ಪದಕ್ಕೆ ಒಂದೇ ಅರ್ಥವಿದ್ದರೆ ಅದರ ಮೇಲೆ ಪ್ರಬಂಧ ಬರೆಯುವುದು ಕಷ್ಟ. ಎರಡಿದ್ದರೆ ವಿಚಾರ ಸಂಕಿರಣ ನಡೆಸಬಹುದು. ಮೂರಿದ್ದರೆ ಪಿಎಚ್‌ಡಿ ಖಾತ್ರಿ. ಕನ್ನಡದ ‘ರೀಲು’ ಅಂಥ ಪುಣ್ಯವಂತ ಪದ. ಸುತ್ತುವ ರೀಲು ಒಂದು, ಬಿಡುವ ರೀಲು ಇನ್ನೊಂದು, ಈಚೆಗೆ ಮಾಡುವ ರೀಲ್ಸು ಮತ್ತೊಂದು. ಮೊದಲನೆಯದು ಕ್ಯಾಮೆರಾದ ಹೊಟ್ಟೆಯಲ್ಲಿರುತ್ತಿತ್ತು, ಎರಡನೆಯದು ಅಗಸಿಕಟ್ಟೆಯ ಮೇಲೆ, ಮೂರನೆಯದು ಎಲ್ಲರ ಕಿಸೆಯಲ್ಲಿ. ಈ ಮೂರೂ ಕೂಡುವ ಸಂಗಮ ಎಲ್ಲಿದೆ ಎಂಬ ಪ್ರಶ್ನೆ ವಿದ್ವಾಂಸರನ್ನು ಕಾಡಿಲ್ಲ. ಕಾಡದೇ ಇರುವುದರಿಂದಲೇ ಈ ಪ್ರಬಂಧಕ್ಕೆ ಅವಕಾಶ.

ಸಂಗಮವಿರುವುದು ತಿಂಥಣಿ ಸೇತುವೆಯ ಮೇಲೆ. ತಿಂಥಣಿ ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯಲ್ಲಿರುವ ಊರು. ಹೊಳೆ ದಾಟಿದರೆ ರಾಯಚೂರು ಜಿಲ್ಲೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಗುಡಿ ಇಲ್ಲಿದೆ. ಮಳೆಗಾಲದಲ್ಲಿ ಮೇಲೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆಂದರೆ ಸೇತುವೆಯ ಕೆಳಗೆ ಹೊಳೆ ಎದ್ದು ಬರುತ್ತದೆ, ಸೇತುವೆಯ ಮೇಲೆ ಮೊಬೈಲುಗಳು ಏಳುತ್ತವೆ. ಇಂಥ ಹೊತ್ತಿನಲ್ಲಿ ಕೊರಳಿಗೆ ಹಳೆಯ ರೀಲು ಕ್ಯಾಮೆರಾ ನೇತುಹಾಕಿಕೊಂಡು ಬಂದವರೇ ಈ ಪ್ರಬಂಧದ ನಾಯಕರು. ಗೌರವಕ್ಕಾಗಿ ಅವರನ್ನು ‘ಸಂಶೋಧಕರು’ ಎನ್ನೋಣ. ಅವರು ಗುಂಡಿ ಒತ್ತಿದ ಮರುಗಳಿಗೆಯೇ ಬಗಲಿಗೆ ಒಬ್ಬ ಹಿರಿಯರು ಬಂದು ನಿಂತರು.

“ತೋರ್ಸು ನೋಡಮು ತಮ್ಮಾ.”

“ತೋರ್ಸಾಕ ಬರಂಗಿಲ್ರಿ ಯಜ್ಜಾ. ತೊಳಿಬೇಕು.”

“ತೊಳಿಬೇಕಂದ್ರ ಹೊಳಿ ಇಲ್ಲೇ ಅದಲ್ಲಾ!”

ಮುಂದಿನ ಚರ್ಚೆಯೆಲ್ಲ ಈ ಮಹಾವಾಕ್ಯದ ಭಾಷ್ಯ.

ಗಂಭೀರ ಪ್ರಬಂಧವೆಂದಮೇಲೆ ಶಿಲಾಯುಗದಿಂದ ಶುರುವಾಗಬೇಕು. ಸುರಪುರ ಸೀಮೆಯ ಅದೃಷ್ಟಕ್ಕೆ ಅದಕ್ಕೂ ಕೊರತೆಯಿಲ್ಲ: ಹುಣಸಗಿ ಹತ್ತಿರದ ಈಸಾಂಪುರದಲ್ಲಿ ಆದಿಮಾನವರು ಕೈಗೊಡಲಿ ಕೆತ್ತುತ್ತಿದ್ದ ಜಾಗ ಸಿಕ್ಕಿದೆ, ಅದು ಹತ್ತು ಲಕ್ಷ ವರ್ಷಕ್ಕೂ ಹಳೆಯದೆಂದು ಪುರಾತತ್ವಜ್ಞರ ಲೆಕ್ಕ. ಅಲ್ಲಿ ಕ್ಯಾಮೆರಾ ಸಿಗದ ಕಾರಣ ಪ್ರಬಂಧ ಒಂದೇ ನೆಗೆತಕ್ಕೆ 1855ಕ್ಕೆ ಬರುತ್ತದೆ. ಆ ವರ್ಷ ಬಾಂಬೆ ಫಿರಂಗಿದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿ ಸರ್ಕಾರದ ಆದೇಶ ಹಿಡಿದು ಬಿಜಾಪುರ, ಬಾದಾಮಿ, ಐಹೊಳೆಗಳ ಗುಡಿ ಗುಮ್ಮಟಗಳ ಮುಂದೆ ಕ್ಯಾಮೆರಾ ಹೂಡಿದ. ಅವನ ಬಳಿಕ ಆ ಕೆಲಸ ವೈದ್ಯ ಪಿಗೂನ ಕೈಗೆ ಬಂತು. ಇನ್ನೊಬ್ಬ ವೈದ್ಯ ನೀಲ್ ಮೈಸೂರು ಸೀಮೆಯ ಗುಡಿಗಳನ್ನು ನೋಡಿಕೊಂಡ. ಅತ್ತ ಹಂಪಿಯಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಅರಮನೆ, ರಥ, ಮಂಟಪಗಳನ್ನು ಹಿಡಿದ. ಆಗ ಒಂದೊಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಕಲ್ಲಿನ ಕಂಬಗಳು ಸುಮ್ಮನೆ ನಿಂತವು, ಮನುಷ್ಯರು ನಿಲ್ಲಲಿಲ್ಲ. ನಮ್ಮ ನಾಡಿನ ಮೊದಮೊದಲ ಫೋಟೋಗಳಲ್ಲಿ ಜನರಿಗಿಂತ ಕಂಬಗಳೇ ಹೆಚ್ಚಾಗಿರುವುದು ಏಕೆಂಬುದು ಇದರಿಂದ ಸಿದ್ಧ.

ಸುರಪುರಕ್ಕೂ ಇದಕ್ಕೂ ಏನು ಸಂಬಂಧ ಎಂದು ಆಕ್ಷೇಪಿಸುವವರಿಗೆ ಉತ್ತರ ಫಿಲಿಪ್ ಮೆಡೋಸ್ ಟೇಲರ್. ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಪೊಲಿಟಿಕಲ್ ಏಜೆಂಟ್ ಇವನು. ಗುಡ್ಡದ ಮೇಲೆ ಇವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಊರಿನ ಗುರುತು. 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಭಾರೀ ಚಿತ್ರಸಂಪುಟ ಹೊರಬಂತು. ಫೋಟೋಗಳು ಪಿಗೂ, ನೀಲ್, ಬಿಗ್ಸ್ ಅವರವು. ಐತಿಹಾಸಿಕ ವಿವರಣೆ ಟೇಲರನದು. ಅದೇ ವರ್ಷ ಬಂದ ಬಿಜಾಪುರದ ಸಂಪುಟಕ್ಕೂ ಇತಿಹಾಸದ ಬರಹ ಅವನದೇ. ಇತರರು ತೆಗೆದ ಫೋಟೋಗಳ ಕೆಳಗೆ ಉದ್ದುದ್ದ ಒಕ್ಕಣೆ ಬರೆಯುವ ಈಗಿನ ಪದ್ಧತಿಗೆ ಮೂಲಪುರುಷ ಸುರಪುರದ ಮಾಜಿ ಏಜೆಂಟನೇ ಎಂದು ಈ ಪ್ರಬಂಧ ಸಾಧಿಸುತ್ತದೆ. ಟೇಲರನಿಗೆ ಎಷ್ಟು ಲೈಕು ಬಂದವೆಂಬುದಕ್ಕೆ ಶಾಸನಾಧಾರವಿಲ್ಲ.

1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ದುರಂತ ಕಂಡ ಬಳಿಕ ಸುರಪುರ ನಿಜಾಮರ ಪಾಲಾಯಿತು. ಆ ನಿಜಾಮರು ತಮ್ಮ ಆಸ್ಥಾನದ ಫೋಟೋಗ್ರಾಫರ್ ಲಾಲಾ ದೀನ್ ದಯಾಳರಿಗೆ ‘ಮುಸವ್ವಿರ್ ಜಂಗ್’ ಎಂಬ ಬಿರುದು ಕೊಟ್ಟರು. ಎಂದರೆ ಚಿತ್ರಗಾರಿಕೆಯ ರಣಧೀರ. ಕತ್ತಿ ಒರೆ ಸೇರಿದ್ದ ಕಾಲದಲ್ಲಿ ಯುದ್ಧದ ಬಿರುದು ಕ್ಯಾಮೆರಾದವನಿಗೆ ಹೋಯಿತು. ಮದುವೆ ಮನೆಯಲ್ಲಿ ಬೀಗರ ಗುಂಪನ್ನು ಸಾಲಾಗಿ ನಿಲ್ಲಿಸಿದವರಿಗೆ ಇದರಲ್ಲಿ ಅತಿಶಯೋಕ್ತಿ ಕಾಣದು.

ಇತಿಹಾಸ ಸಾಕು, ತರ್ಕಕ್ಕೆ ಬರೋಣ. ಮೊಬೈಲ್ ಫೋಟೋ ಪ್ರತ್ಯಕ್ಷ ಪ್ರಮಾಣ: ತೆಗೆದ ಕೂಡಲೇ ಕಣ್ಣೆದುರು. ರೀಲು ಕ್ಯಾಮೆರಾದ್ದು ಅನುಮಾನ ಪ್ರಮಾಣ. ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ‘ಕ್ಲಿಕ್’ ಕೇಳಿ ಚಿತ್ರವನ್ನು ಊಹಿಸಬೇಕು. ಈ ‘ಕ್ಲಿಕ್’ ಶಬ್ದ ಪ್ರಮಾಣದ ಅಡಿ ಬರುತ್ತದೆಯೇ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ಇರಬಹುದು, ಇಲ್ಲದಿದ್ದರೆ ಹುಟ್ಟಿಸಬೇಕು. ಲೆನ್ಸಿನ ಮುಚ್ಚಳ ತೆಗೆಯದೆ ಗುಂಡಿ ಒತ್ತಿದರೆ? ಅದಕ್ಕೂ ನಮ್ಮ ಹಿರಿಯರು ಜಾಗ ಮಾಡಿಟ್ಟಿದ್ದಾರೆ. ಇಲ್ಲದಿರುವುದನ್ನು ಇಲ್ಲವೆಂದೇ ತಿಳಿಸಿಕೊಡುವ ಅನುಪಲಬ್ಧಿ ಎಂಬ ಪ್ರಮಾಣವನ್ನು ಭಾಟ್ಟ ಮೀಮಾಂಸಕರು ಒಪ್ಪುತ್ತಾರೆ. ತೊಳೆದು ಬಂದ ಖಾಲಿ ಚೌಕ ಅದರ ಪಠ್ಯಪುಸ್ತಕದ ಉದಾಹರಣೆ.

ಇನ್ನು ಸಂಖ್ಯಾಶಾಸ್ತ್ರ. 35 ಮಿಲಿಮೀಟರ್ ರೀಲಿನಲ್ಲಿ 36 ಚಿತ್ರಗಳು. ಶೈವಾಗಮಗಳಲ್ಲಿ ತತ್ವಗಳೂ 36. ಷಟ್‌ಸ್ಥಲವನ್ನು ಷಟ್‌ಸ್ಥಲದಿಂದ ಗುಣಿಸಿದರೂ 36. ದೊಡ್ಡ ಫಿಲ್ಮಿನ ಚೌಕ ಆರು ಬೈ ಆರು ಸೆಂಟಿಮೀಟರ್. ಅದರ ವಿಸ್ತೀರ್ಣವೂ ಅಷ್ಟೇ. ಇಷ್ಟಾದರೂ ಇದನ್ನು ಕಾಕತಾಳೀಯ ಎನ್ನುವವರೊಂದಿಗೆ ವಾದ ಬೇಡ. ಸರಿಯಾಗಿ ಜಗ್ಗಿ ಕೂಡಿಸಿದರೆ ರೀಲಿನಲ್ಲಿ ಮೂವತ್ತೇಳನೆಯ ಚಿತ್ರವೂ ಬರುತ್ತದೆ. ಅದು ತತ್ವಾತೀತ, ಅನುಭವಿಗಳಿಗೆ ಮಾತ್ರ ದಕ್ಕುವಂಥದ್ದು. ಮೂವತ್ತಾರರ ಮಿತಿ ಹೇಗೆ ಬಂತು ಎಂಬುದಕ್ಕೆ ಜರ್ಮನಿಯಲ್ಲೊಂದು ಐತಿಹ್ಯವಿದೆ: ಲೈಕಾ ಕ್ಯಾಮೆರಾದ ಜನಕ ಆಸ್ಕರ್ ಬಾರ್ನಾಕ್ ಎರಡೂ ಕೈ ಅಗಲಿಸಿದಾಗ ಎಷ್ಟು ಫಿಲ್ಮು ಹಿಡಿಯಿತೋ ಅದನ್ನೇ ಕತ್ತರಿಸಿದನಂತೆ. ಜರ್ಮನರು ಇದನ್ನು ಕಥೆಯೆಂದು ಹೇಳಿಕೊಳ್ಳಲಿ. ಕನ್ನಡದಲ್ಲಿ ಆ ಅಳತೆಗೆ ಹೆಸರೇ ಇದೆ: ಮಾರು. ಹೂವಾಡಗಿತ್ತಿ ಸೇವಂತಿಗೆಯನ್ನು ಮಾರು ಹಾಕಿ ಕೊಡುವ ಅಳತೆಯಲ್ಲೇ ಜಗತ್ತಿನ ಫೋಟೋಗ್ರಫಿ ನಡೆದಿದೆ. 1888ರ ಮೊದಲ ಕೊಡಾಕ್ ಕ್ಯಾಮೆರಾದಲ್ಲಿ ನೂರು ಚಿತ್ರಗಳಿದ್ದವು; ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ಹೂವಿನ ಜತೆ ಹೂವಾಡಗಿತ್ತಿಯ ಬುಟ್ಟಿಯನ್ನೂ ಹೊತ್ತೊಯ್ದಂತೆ.

ರೀಲು ಯಾವುದರಿಂದ ಆಗುತ್ತದೆ ಎಂದು ನೋಡಿದರೆ ಇದು ಪರದೇಶದ ವಸ್ತುವೆಂಬ ಭ್ರಮೆ ಹರಿಯುತ್ತದೆ. ಪಾರದರ್ಶಕ ಪಟ್ಟಿಗೆ ಹತ್ತಿ ಅಥವಾ ಮರದ ನಾರು. ಅದರ ಮೇಲೆ ಜಿಲೆಟಿನ್, ಎಂದರೆ ದನದ ಎಲುಬು ಚರ್ಮಗಳಿಂದ ತೆಗೆದ ಅಂಟು. ಅಂಟಿನೊಳಗೆ ಬೆಳ್ಳಿಯ ಲವಣ. ಎರೆಭೂಮಿಯ ಹತ್ತಿ ಸುರಪುರ ಸೀಮೆಗೆ ಹೊಸದಲ್ಲ. ದನಗಳು ದಾರಿಯಲ್ಲೇ ಇವೆ. ಬೆಳ್ಳಿಯ ಮಾತಿಗೆ ಬಂದರೆ ಮೌನೇಶ್ವರರಿಗೆ ವಿಶೇಷವಾಗಿ ನಡೆದುಕೊಳ್ಳುವ ವಿಶ್ವಕರ್ಮರಲ್ಲಿ ಅಕ್ಕಸಾಲಿಗರೂ ಸೇರಿದ್ದಾರೆ. ಉಳಿದದ್ದು ಸಾಸಿವೆ. ನಗಬೇಡಿ. 1920ರ ದಶಕದಲ್ಲಿ ಕೊಡಾಕ್ ಕಂಪನಿಯ ವಿಜ್ಞಾನಿ ಸ್ಯಾಮ್ಯುಯಲ್ ಶೆಪರ್ಡ್, ಕೆಲವು ಜಿಲೆಟಿನ್ ಮಾತ್ರ ಬೆಳಕಿಗೆ ಚುರುಕಾಗಿರುವುದೇಕೆ ಎಂದು ಹುಡುಕುತ್ತ ಹೊರಟು ಗಂಧಕದ ಜಾಡು ಹಿಡಿದು, ದನಗಳು ತಿಂದ ಸಾಸಿವೆಯಂಥ ಗಿಡಗಳ ತನಕ ಹೋಗಿ ಮುಟ್ಟಿದ. ಸಾಸಿವೆ ತಿಂದ ಆಕಳಿನ ಎಲುಬಿನಲ್ಲಿ ಮುಖ ಚೆನ್ನಾಗಿ ಮೂಡುತ್ತದೆ. ಕಟ್ಟಾ ಸಸ್ಯಾಹಾರಿಗಳ ಮದುವೆ ಆಲ್ಬಮ್ಮುಗಳೆಲ್ಲ ಈ ಎಲುಬಿನ ಮೇಲೆಯೇ ನಿಂತಿರುವ ವಿಷಯವನ್ನು ಮನೆಯ ಹಿರಿಯರಿಗೆ ತಿಳಿಸದಿರುವುದು ಒಳ್ಳೆಯದು.

ಭಾರತದಲ್ಲೂ ಫಿಲ್ಮು ತಯಾರಾಗುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಊಟಿಯಲ್ಲಿ ಫಿಲ್ಮು ಮಾಡಿ ‘ಇಂದು’ ಎಂಬ ಹೆಸರಿನಲ್ಲಿ ಮಾರಿತು. ಸಂಸ್ಕೃತದಲ್ಲಿ ಇಂದು ಎಂದರೆ ಚಂದ್ರ, ಬೆಳ್ಳಿಯ ಒಡೆಯ. ಕನ್ನಡದಲ್ಲಿ ಇಂದು ಎಂದರೆ ಇವತ್ತು. ಇವತ್ತು ಇಂದು ಇಲ್ಲ.

ಈಗ ಮಹಾವಾಕ್ಯಕ್ಕೆ ಹಿಂತಿರುಗೋಣ: ಹೊಳೆ ಇಲ್ಲೇ ಇದೆಯಲ್ಲ? ಸಂಶೋಧಕರು ನಕ್ಕು ಸುಮ್ಮನಾದರು. ಆದರೆ ಪ್ರಶ್ನೆ ಅಷ್ಟು ಹಗುರದ್ದಲ್ಲ. ಕಪ್ಪುಬಿಳುಪು ಫಿಲ್ಮನ್ನು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತೊಳೆಯುತ್ತಾರೆ. ಯಾದಗಿರಿಯ ಬೇಸಿಗೆ 40 ದಾಟುತ್ತದೆ. ಕಾದ ನೀರಿನಲ್ಲಿ ಜಿಲೆಟಿನ್ ಉಬ್ಬುತ್ತದೆ, ಮೆತ್ತಗಾಗುತ್ತದೆ; ಕೆಟ್ಟರೆ ಮದುಮಗಳ ಮುಖಕ್ಕೆ ಬಿರುಕುಬಿಟ್ಟ ಕೆರೆಯಂಗಳದ ಕಳೆ ಬರುತ್ತದೆ. ಹೀಗಾಗಿ ಐಸು ಬೇಕು, ಅಥವಾ ಅಂಟನ್ನು ಗಟ್ಟಿಮಾಡಲು ಪಟಿಕ. ಬಣ್ಣದ ಫಿಲ್ಮಿನ ಕಥೆ ಬೇರೆ: ಅದಕ್ಕೆ ಬೇಕಾದದ್ದು ಸುಮಾರು 38 ಡಿಗ್ರಿ, 3 ನಿಮಿಷ 15 ಸೆಕೆಂಡು. ಇಂಗ್ಲೆಂಡಿನ ರೀಲು ಪ್ರೇಮಿ ಈ ಶಾಖಕ್ಕಾಗಿ ಹೀಟರು, ಥರ್ಮಾಮೀಟರು ಇಟ್ಟುಕೊಂಡು ತಪಸ್ಸು ಮಾಡುತ್ತಾನೆ. ಮೇ ತಿಂಗಳ ಮಧ್ಯಾಹ್ನ ತಿಂಥಣಿಯ ಮಾಳಿಗೆಯ ಮೇಲೊಂದು ಬಕೆಟ್ ಇಟ್ಟರೆ ಸಾಕು. ಉಳಿದದ್ದು ಸೂರ್ಯನಾರಾಯಣನ ಪಾಲಿನ ಸೇವೆ. ಕೊನೆಯ ತೊಳೆತಕ್ಕೆ ಮಾತ್ರ ಸವಳು ನೀರು ಆಗದು, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ.

ಕತ್ತಲ ಕೋಣೆಯ ಸಮಸ್ಯೆಗೆ ಪ್ರಬಂಧ ಎರಡು ದೇಶೀ ಪರಿಹಾರಗಳನ್ನು ಪರಿಶೀಲಿಸಿದೆ. ಮೊದಲನೆಯದು ಹಗೇವು. ಜೋಳ ತುಂಬಿಡುವ ನೆಲದಡಿಯ ಈ ಕಣಜ ತಂಪು, ಗವ್ವೆನ್ನುವಷ್ಟು ಕತ್ತಲು. ಡಾರ್ಕ್ ರೂಮಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ, ತಿಳಿಯದೆ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅದಕ್ಕೆಂದೇ ಹಿರಿಯರು ಮೊದಲು ಉರಿಯುವ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಉರಿದರೆ ಮನುಷ್ಯ ಬದುಕುತ್ತಾನೆ, ಫಿಲ್ಮು ಸಾಯುತ್ತದೆ. ದೀಪ ಆರಿದರೆ ಫಿಲ್ಮಿಗೆ ಕ್ಷೇಮ. ಈ ಧರ್ಮಸಂಕಟಕ್ಕೆ ಪರಿಹಾರ ಸಿಗದೆ ಸಂಶೋಧಕರು ಎರಡನೆಯದಕ್ಕೆ ಹೋದರು: ಕರಿ ಕಂಬಳಿ. ರೀಲು ಒಳಗೇ ಸಿಕ್ಕಿಕೊಂಡಾಗ ಕಂಬಳಿ ಹೊದ್ದು, ಕೈಯಂದಾಜಿನಲ್ಲೇ ಕ್ಯಾಮೆರಾ ಬಿಚ್ಚುವುದು ಹಳೆಯ ಸ್ಟುಡಿಯೋದವರ ವಿದ್ಯೆ. ಇದಕ್ಕಿರುವ ದೋಷ ಒಂದೇ, ನೆಗೆಟಿವಿನ ಮೇಲೆ ಕೂದಲು. ಕಂಬಳಿಯಲ್ಲಿ ಉಣ್ಣಲು ಕೂತವರು ಕೂದಲು ಬಂತೆಂದು ಗೊಣಗಬಾರದು ಎಂದು ಗಾದೆ ಮೊದಲೇ ಎಚ್ಚರಿಸಿದೆ.

ಫೋಟೋಗ್ರಫಿಗೆ ಈ ಸೀಮೆಯಲ್ಲಿ ಅಧಿದೇವತೆ ಇದ್ದಾಳೆಯೇ? ನಾರಾಯಣಪುರದ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಛಾಯಾ ಭಗವತಿಯ ಗುಡಿ ಇದೆ. ಛಾಯಾಗ್ರಾಹಕರ ಕುಲದೇವತೆ ಇವಳೇ ಎಂದು ಘೋಷಿಸಲು ಪ್ರಬಂಧ ಉತ್ಸುಕವಾಗಿದೆ; ಅರ್ಚಕರನ್ನು ಕೇಳುವ ಧೈರ್ಯ ಮಾತ್ರ ಸಂಶೋಧಕರಿಗೆ ಬಂದಿಲ್ಲ. ಶಹಾಪುರದ ಗುಡ್ಡಸಾಲಿನಲ್ಲಿ ಮಲಗಿದ ಬುದ್ಧನೂ ಇದ್ದಾನೆ, ಸರಿಯಾದ ಕೋನದಲ್ಲಿ ನಿಂತವರಿಗಷ್ಟೇ ಕಾಣುತ್ತಾನೆ. ಚೌಕಟ್ಟು ಹಾಕುವ ಪಾಠ ಕಲಿಸಲು ಈ ಗುಡ್ಡವೊಂದೇ ಸಾಕು. ಗ್ರೀನ್‌ಲಾ ಇಲ್ಲಿಗೆ ಬಂದಿದ್ದರೆ ಖುಷಿಪಡುತ್ತಿದ್ದ; ಬುದ್ಧ ನಿಮಿಷಗಟ್ಟಲೆ ಅಲುಗಾಡುತ್ತಿರಲಿಲ್ಲ.

ಉಳಿದದ್ದು ಬಿಡುವ ರೀಲಿನ ಪ್ರಕರಣ. ರೀಲು ದುಬಾರಿಯಾಗಿದ್ದ ಕಾಲದಲ್ಲಿ ಮದುವೆಯ ಫೋಟೋಗ್ರಾಫರ್‌ಗೆ ಒಂದು ಗುಟ್ಟಿನ ಅಸ್ತ್ರವಿತ್ತು: ಖಾಲಿ ಫ್ಲ್ಯಾಷು. ವೇದಿಕೆ ಹತ್ತಿ, ವಧೂವರರ ನಡುವೆ ತೂರಿಕೊಂಡು, ಮೇಲಿಂದ ಮೇಲೆ ನಿಲ್ಲುವ ದೂರದ ನೆಂಟನ ಮೇಲೆ ಬರೇ ಬೆಳಕು ಹೊಡೆದು ಕಳಿಸುವುದು. ನೆಂಟ ತೃಪ್ತ, ಬೀಗರು ತೃಪ್ತ, ರೀಲು ಸುರಕ್ಷಿತ. ಆಲ್ಬಮ್ ಬಂದಾಗ ಅವನು ತನ್ನ ಮುಖ ಹುಡುಕಿ ಹುಡುಕಿ, ತೊಳೆಯುವಾಗ ಕೆಟ್ಟಿತೆಂಬ ಸಮಾಧಾನ ಕೇಳಿಕೊಂಡು ಹೋಗುತ್ತಿದ್ದ. ರೀಲು ಸುತ್ತದೆಯೇ ರೀಲು ಬಿಡುವ ಈ ಕಲೆಯಲ್ಲಿ ಪದದ ಎರಡು ಅರ್ಥಗಳೂ ಒಂದಾದವು. ಮುಂದಿನ ಘಟನೆಯಲ್ಲಿ ಮೂರನೆಯದೂ ಬಂದು ಸೇರುತ್ತದೆ.

ಸೇತುವೆಯ ಮೇಲೆ ಸಂಜೆಯಾಗುತ್ತಿತ್ತು. ಪಕ್ಕದಲ್ಲಿ ಹುಡುಗರ ದಂಡು ತುಂಬಿದ ಹೊಳೆಯ ಮುಂದೆ ಕುಣಿದು ಆಗಲೇ ನಾಲ್ಕು ರೀಲ್ಸು ಮುಗಿಸಿತ್ತು. ಸಂಶೋಧಕರ ಕ್ಯಾಮೆರಾದ ಲೆಕ್ಕದ ಮುಳ್ಳು 36 ದಾಟಿ 37ಕ್ಕೆ ಬಂದಿತು. ತತ್ವಾತೀತ ಸ್ಥಿತಿ ಕೈಗೂಡಿತೆಂದು ಅವರು ಪುಲಕಗೊಂಡರು. ಮುಳ್ಳು 38ಕ್ಕೆ ಬಂತು. 39ಕ್ಕೂ ಬಂತು. ಆಗಮಗಳಲ್ಲಿ ಇದಕ್ಕೆ ಆಧಾರ ಎಲ್ಲಿದೆ ಎಂದು ಅವರು ತಲೆ ಕೆರೆದುಕೊಳ್ಳುತ್ತಿರುವಾಗ, ಅಷ್ಟು ಹೊತ್ತೂ ರುಮಾಲು ಸರಿಮಾಡಿಕೊಂಡು ಕಂಬದಂತೆ ನಿಂತು ಫೋಟೋ ತೆಗೆಸಿಕೊಂಡಿದ್ದ ಹಿರಿಯರು ಹತ್ತಿರ ಬಂದರು.

“ತಮ್ಮಾ, ಒಳಗ ರೀಲು ಅದನೋ, ಇಲ್ಲೋ?”

ಸಂಶೋಧಕರು ಎಡಗಡೆಯ, ರೀಲು ಹಿಂದಕ್ಕೆ ಸುತ್ತುವ ಗುಂಡಿಯನ್ನು ಬೆರಳಿನಿಂದ ತಿರುವಿದರು. ರೀಲು ಸುತ್ತಿಕೊಂಡಿದ್ದರೆ ಅದು ಬಿಗಿಯಬೇಕು. ಬಿಗಿಯಲಿಲ್ಲ, ಗಾಣದ ಎತ್ತಿನಂತೆ ಗರಗರ ತಿರುಗಿತು. ಬೆಳಿಗ್ಗೆ ಹಾಕುವಾಗ ಫಿಲ್ಮಿನ ತುದಿ ಹಲ್ಲಿಗೆ ಸಿಕ್ಕಿರಲಿಲ್ಲ. ಹೊಳೆ, ಗುಡಿ, ಹಿರಿಯರು, ಯಾವುದೂ ಒಳಗೆ ಹೋಗಿರಲಿಲ್ಲ.

“ನಮ್ಮ ಮದಿವ್ಯಾಗೂ ಒಬ್ಬಾಂವ ಹಿಂಗ ಮಾಡಿದ್ದ,” ಎಂದು ಹಿರಿಯರು ಹುಡುಗರ ಕಡೆ ಹೊರಳಿದರು. “ಏ, ಆ ಮೊಬೈಲ್ ಇಲ್ಲಿ ತಾರೋ. ಇವರದೊಂದು ಫೋಟೋ ಹೊಡಿ, ಮಾರಿ ಭಾಳ ಸಪ್ಪಗಾಗ್ಯದ.”